ನಾಲ್ಕು ಹೆಜ್ಜೆ ಮುಂದಿನ ನೆರಳು

ಮಾರ್ಚ್ 4

ಈ ಡೈರಿ ಆಫೀಸಿನವರು ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ಬುಡದಲ್ಲಿ ಒಂದು ಎಲೆಯ ಚಿತ್ರ, ಪಕ್ಕದಲ್ಲಿ ‘ಇಂದು ನೀವು ಎಷ್ಟು ನೆರಳು ಕೊಟ್ಟಿರಿ?’ ಎಂಬ ಪ್ರಶ್ನೆ. ನಾನು ಯಾರಿಗೂ ಕೊಟ್ಟಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಬೈಸಿಕೊಂಡಿದ್ದೇನೆ, ಅಷ್ಟೇ.

ಹೊಸ ಕೆಲಸಕ್ಕೆ ಸೇರಿ ಎರಡು ವಾರವಾಯಿತು. ಏನು ಕೆಲಸವೆಂದು ಯಾರಾದರೂ ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಇಲ್ಲದ ಮರಗಳ ಮೇಲೆ ಬರುವ ದೂರುಗಳನ್ನು ಬಗೆಹರಿಸುವ ಕೆಲಸ. ನಗರಸಭೆಯವರು ಒಂದು ಆಪ್ ಮಾಡಿಸಿದ್ದಾರೆ. ಫೋನು ಎತ್ತಿ ಬೀದಿಯತ್ತ ಹಿಡಿದರೆ ನಮ್ಮ ಬೋಳು ಬೀದಿಯಲ್ಲೇ ಮರ ನಿಂತಂತೆ ಕಾಣುತ್ತದೆ. ಗಾಳಿಗೆ ಎಲೆ ಅಲ್ಲಾಡುತ್ತದೆ, ಕೆಳಗೆ ನೆರಳೂ ಬೀಳುತ್ತದೆ. ಫೋನು ಇಳಿಸಿದರೆ ಅದೇ ಡಾಂಬರು, ಅದೇ ಕಂಬ. ಯಾರು ಬೇಕಾದರೂ ತಮಗೆ ಬೇಕಾದ ಕಡೆ ಒಂದು ಮರ ನೆಡಬಹುದು. ಆಮೇಲೆ ಆಪ್ ತೆರೆದಿಟ್ಟುಕೊಂಡು ಅದರ ನೆರಳಲ್ಲಿ ಎಷ್ಟು ಹೊತ್ತು ಇರುತ್ತಾರೋ ಅಷ್ಟು ಅದು ಬೆಳೆಯುತ್ತದೆ. ಜನ ಹೆಚ್ಚು ಹೊತ್ತು ಇದ್ದ ಜಾಗಗಳಲ್ಲಿ ಮಳೆಗಾಲಕ್ಕೆ ನಿಜವಾದ ಗಿಡ ನೆಡುತ್ತಾರಂತೆ. ಯೋಚನೆಯೇನೋ ಒಳ್ಳೆಯದೇ.

ಇವತ್ತು ಕನ್ನಡಕದ ಅಂಗಡಿಯವರು ಬಂದಿದ್ದರು. ಎದುರಿನವರು ನೆಟ್ಟ ಮರ ತಮ್ಮ ಬೋರ್ಡಿಗೆ ಅಡ್ಡ ಬಂದಿದೆಯಂತೆ, ಕಡಿಸಬೇಕಂತೆ.

‘ಸರ್, ಅಲ್ಲಿ ಮರಾನೇ ಇಲ್ವಲ್ಲ’ ಎಂದೆ.

‘ಇಲ್ಲ ಅಂದ್ಮೇಲೆ ಕಡಿಯೋಕೆ ನಿಮಗೇನಮ್ಮ ಕಷ್ಟ?’ ಎಂದರು.

ಇದನ್ನು ಹೇಳಿದಾಗ ಅಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂವತ್ತು ವರ್ಷ ಮನೆಯಲ್ಲೇ ಬಟ್ಟೆ ಹೊಲಿದು ನನ್ನನ್ನು ಓದಿಸಿದವಳು. ಈಗ ಎರಡು ಕಣ್ಣಿಗೂ ಪೊರೆ ಬಂದು, ಮಿಷನ್ನಿಗೆ ಹಳೇ ಬೆಡ್‌ಶೀಟು ಹೊದಿಸಿಟ್ಟಿದ್ದಾಳೆ. ಆಪರೇಷನ್ ಮಾಡಿಸೋಣವೆಂದರೆ, ‘ಮೊದ್ಲು ನಿನ್ ಕೆಲಸ ಗಟ್ಟಿಯಾಗ್ಲಿ, ನನ್ ಕಣ್ಣೇನು ಎಲ್ಲಿಗೂ ಓಡಿಹೋಗಲ್ಲ’ ಎನ್ನುತ್ತಾಳೆ. ಗಂಡನನ್ನು ಬಿಟ್ಟು ಬಂದ ಮೇಲೆ ನಾನು ಹಿಡಿದ ಮೂರನೆಯ ಕೆಲಸ ಇದು. ಅವಳ ಭಯ ನನಗೂ ಇದೆ.

ಮಾರ್ಚ್ 11

ಮೀಟಿಂಗ್. ನಮ್ಮ ಮೇಲಧಿಕಾರಿಗೆ ನಾನಿಟ್ಟ ಹೆಸರು ಹಸಿರು ಸಾಹೇಬರು. ಹಸಿರು ಟೈ, ಹಸಿರು ನೀರಿನ ಬಾಟಲಿ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹಸಿರು ಗಿಡ. ಆ ಗಿಡದ ಧೂಳು ಒರೆಸುವುದೂ ನಮ್ಮ ಪಾಲಿಗೇ ಬಂದಿದೆ. ಯಾವ ವಾರ್ಡಿನ ಜನ ನೆರಳಲ್ಲಿ ಎಷ್ಟು ನಿಮಿಷ ಇದ್ದರೆಂದು ಗೋಡೆಯ ಮೇಲೆ ಪಟ್ಟಿ ತೋರಿಸಿದರು. ನಮ್ಮ ವಾರ್ಡು ತಳದಲ್ಲಿ.

‘ನಿಮ್ಮ ಕಡೆ ಜನಕ್ಕೆ ನೆರಳು ಬೇಡ್ವೇನಮ್ಮಾ?’ ಎಂದು ಎಲ್ಲರೆದುರು ಕೇಳಿದರು. ಕೆಲವರು ನಕ್ಕರು. ಮೇ ಕೊನೆಯಲ್ಲಿ ಲೆಕ್ಕ ನೋಡುತ್ತಾರೆ, ನಿಮಿಷ ಕಡಿಮೆ ಬಿದ್ದ ವಾರ್ಡಿನವರ ಗುತ್ತಿಗೆ ಮುಂದುವರಿಸುವುದಿಲ್ಲ.

ನಮ್ಮ ಕಡೆಯ ಜನ ಬೆಳಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವರು. ಬೀದಿಯಲ್ಲಿ ಫೋನು ಹಿಡಿದು ಕೂರಲು ಯಾರಿಗೆ ಪುರುಸೊತ್ತಿದೆ? ಇದನ್ನು ಸಾಹೇಬರಿಗೆ ಹೇಳುವ ಧೈರ್ಯವಾಗಲಿಲ್ಲ. ಮನೆಗೆ ಬಂದು ಬ್ಯಾಗು ಎಸೆದು ಅಮ್ಮನ ಮೇಲೆ ಹಾರಾಡಿದೆ. ಅವಳು ಪಾಪ ಎಲ್ಲ ಕೇಳಿಸಿಕೊಂಡಳು.

‘ಆ ನಿಮಿಷ ಜಾಸ್ತಿ ಆಗ್ಬೇಕು ಅಂದ್ರೆ ಏನ್ಮಾಡ್ಬೇಕು?’

‘ಕೂರ್ಬೇಕು. ಫೋನ್ ಆನ್ ಮಾಡ್ಕೊಂಡು ಮರದ ಕೆಳಗೆ ಸುಮ್ನೆ ಕೂರ್ಬೇಕು.’

‘ಅಷ್ಟೇನಾ?’

‘ಅಷ್ಟೇ. ಅಷ್ಟನ್ನೂ ಮಾಡೋರು ಇಲ್ವಲ್ಲ.’

ಅಮ್ಮ ತಟ್ಟೆ ತೊಳೆಯಲು ಎದ್ದಳು.

ಮಾರ್ಚ್ 14

ರಜೆ. ಕಣ್ಣುಜ್ಜಿಕೊಂಡು ಹೊರಗೆ ಬಂದರೆ ಅಮ್ಮ ನನ್ನ ಹಳೇ ಫೋನನ್ನು ಚಾರ್ಜಿಗೆ ಹಾಕಿ ಕಾಯುತ್ತಿದ್ದಾಳೆ. ‘ನಂಗೂ ಒಂದು ಮರ ನೆಟ್ಕೊಡು’ ಎಂದಳು. ನನಗೆ ನಗು ಬಂತು, ಖುಷಿಯೂ ಆಯಿತು. ನಾನು ಗಂಡನ ಮನೆಯಿಂದ ಹೊರಟು ಬಂದ ದಿನದಿಂದ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ನೆನಪಿಲ್ಲ.

‘ಹೂವಿನ ಮರ ಬೇಕಾ, ಹಣ್ಣಿಂದು ಬೇಕಾ?’

‘ಬೇಗ ಬೆಳೆಯೋದು ಯಾವ್ದು?’

‘ನಿಂಗಿಷ್ಟ ಯಾವ್ದು ಹೇಳಮ್ಮ.’

‘ಬೇಗ ಬೆಳೆಯೋದೇ ಹಾಕು.’

ಹಳದಿ ಹೂ ಬಿಡುವ ಒಂದು ಮರ ಆರಿಸಿ, ನಮ್ಮ ಕಟ್ಟಡದೆದುರು ಫುಟ್‌ಪಾತಿನ ಅಂಚಿನಲ್ಲಿ ನೆಟ್ಟುಕೊಟ್ಟೆ. ಕೆಳಗಿನ ಇಸ್ತ್ರಿ ಅಂಗಡಿ ಮುಚ್ಚಿಹೋಗಿ ಬಹಳ ಕಾಲವಾಯಿತು, ಬಾಗಿಲ ಮೇಲಿನ ತಗಡಿನ ಮಾಡು ಮಾತ್ರ ಉಳಿದಿದೆ. ಅದರ ಕೆಳಗೆ ಅಮ್ಮ ತನ್ನ ಹೊಲಿಗೆ ಮಿಷನ್ನಿನ ಸ್ಟೂಲು ತಂದಿಟ್ಟುಕೊಂಡು ಕೂತಳು. ಸೊಂಟ ಹಿಡಿದುಕೊಳ್ಳುತ್ತದೆ ಎಂದು ಗದರಿದೆ.

‘ಮೂವತ್ತು ವರ್ಷ ಇದೇ ಸ್ಟೂಲ್ ಮೇಲೆ ಕೂತಿದ್ದೀನಿ. ಕೂತು ಮಾಡೋ ಕೆಲಸ ನಂಗೇನು ಹೊಸದಾ?’ ಎಂದು ನನ್ನ ಬಾಯಿ ಮುಚ್ಚಿಸಿದಳು.

ಫೋನನ್ನು ಮಾತ್ರ ಗೋಡೆಯ ಕಡೆಗೆ ಹಿಡಿದಿದ್ದಳು. ನಾನೇ ತಿರುಗಿಸಿ ಮರ ತೋರಿಸಿದೆ. ‘ಹಾಂ, ಚೆನ್ನಾಗಿದೆ ಚೆನ್ನಾಗಿದೆ’ ಎಂದಳು. ದಪ್ಪ ದಪ್ಪ ಬಣ್ಣಗಳು ಕಾಣುತ್ತವಂತೆ.

ಮಾರ್ಚ್ 22

ಅಮ್ಮ ದಿನಾ ಕೂರುತ್ತಿದ್ದಾಳೆ. ಮೇಲ್ಮನೆ ಆಂಟಿ, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು, ಸಂಜೆ ಹೊತ್ತು ಕೆಳಗಿಳಿದು ಬಂದು ಜೊತೆಗೆ ಹರಟುತ್ತಾರಂತೆ. ನಾಲ್ಕು ಗೋಡೆಯ ನಡುವೆ ಇರುತ್ತಿದ್ದ ಹೆಂಗಸಿಗೆ ಇಡೀ ಬೀದಿಯ ಸುದ್ದಿ ಈಗ ಗೊತ್ತು. ಮೂರನೇ ಮನೆಯ ದಂಪತಿ ಮಾತು ಬಿಟ್ಟಿರುವುದು, ಔಷಧಿ ಅಂಗಡಿಯವನು ತೂಕ ಇಳಿಸಲು ಓಡುತ್ತಿರುವುದು ಎಲ್ಲವನ್ನೂ ನನಗೆ ಅವಳೇ ಹೇಳುತ್ತಾಳೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವಳ ಮೊದಲ ಮಾತು ಮಾತ್ರ ಒಂದೇ: ‘ಇವತ್ತು ಎಷ್ಟಾಯ್ತು? ನಿಮ್ ಸಾಹೇಬ್ರು ಏನಂದ್ರು?’

ಮರದ ಮೇಲೆ ಇಷ್ಟು ಆಸೆ ಇಟ್ಟುಕೊಂಡಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ.

ಈ ವಾರದ ದೂರು: ಪಕ್ಕದ ಮನೆಯ ಮರದ ಎಲೆಗಳು ತಮ್ಮ ಅಂಗಳಕ್ಕೆ ಬೀಳುತ್ತಿವೆ, ಗುಡಿಸುವವರು ಯಾರು? ಗುಡಿಸಬೇಕಾಗಿಲ್ಲ, ಫೋನು ಒಳಗಿಡಿ ಎಂದೆ. ನನ್ನ ಮೇಲೆಯೇ ದೂರು ಬರೆದುಕೊಟ್ಟು ಹೋದರು.

ಮಾರ್ಚ್ 29, ಭಾನುವಾರ

ಅಮ್ಮ ಅಷ್ಟು ಹೊತ್ತು ಕೂತರೂ ಅರ್ಧಕ್ಕರ್ಧ ನಿಮಿಷ ದಾಖಲಾಗಿಲ್ಲ. ಆಫೀಸಿನ ಪರದೆಯ ಮೇಲೆ ನಮ್ಮ ವಾರ್ಡಿನ ನಕ್ಷೆಯಿದೆ. ಆಪ್ ತೆರೆದವರೆಲ್ಲ ಅದರಲ್ಲಿ ಒಂದೊಂದು ಚುಕ್ಕಿ. ಅಮ್ಮನ ಚುಕ್ಕಿ ಮರದ ನೆರಳಿನ ವೃತ್ತದೊಳಗೆ ಒಮ್ಮೆ ಬರುತ್ತದೆ, ಒಮ್ಮೆ ಹೊರಗೆ ಹೋಗುತ್ತದೆ. ಯಾಕೆಂದು ಯೋಚಿಸಿ ಯೋಚಿಸಿ ಇವತ್ತು ಹೊಳೆಯಿತು. ಮಾಡಿನ ಕೆಳಗೆ ಕೂತರೆ ಅವಳು ಮರದಿಂದ ದೂರವಾಗುತ್ತಾಳೆ.

ಸಂಜೆ ಕೆಳಗೆ ಹೋಗಿ ನಾನೇ ಆ ಸ್ಟೂಲಿನ ಮೇಲೆ ಕೂತು ನೋಡಿದೆ. ‘ನೀವು ಮರದ ನೆರಳಿನಿಂದ ಹೊರಗಿದ್ದೀರಿ, ಹತ್ತಿರ ಬನ್ನಿ’ ಎಂದು ಫೋನಿನ ಮೇಲೆ ಬಂತು. ಸ್ಟೂಲನ್ನು ನಾಲ್ಕು ಹೆಜ್ಜೆ ಮುಂದೆ, ಫುಟ್‌ಪಾತಿನ ಅಂಚಿನ ದೀಪದ ಕಂಬದ ಬುಡಕ್ಕೆ ತಂದಿಟ್ಟೆ. ಈಗ ಫೋನಿನಲ್ಲಿ ನೋಡಿದರೆ ದಟ್ಟ ನೆರಳಿನ ನಟ್ಟನಡುವೆ ಇದೆ. ಕಾಲು ಜಾಗ ತಪ್ಪಬಾರದೆಂದು ಸುಣ್ಣದಲ್ಲಿ ಗುರುತು ಹಾಕಿದೆ. ಬಿಸಿಲು ಎದುರು ಕಟ್ಟಡದ ಹಿಂದೆ ಇಳಿದಿತ್ತು, ಗಾಳಿ ಬೀಸುತ್ತಿತ್ತು. ಅಮ್ಮನನ್ನು ಕೂರಿಸಿ, ‘ಇಲ್ಲಿಂದ ಅಲ್ಲಾಡ್ಬೇಡ, ಅಲ್ಲಾಡಿದ್ರೆ ಚುಕ್ಕಿ ಅಲ್ಲಾಡುತ್ತೆ’ ಎಂದೆ.

‘ಅಪ್ಪಣೆ’ ಎಂದು ಕೈಮುಗಿದಳು. ಇಬ್ಬರೂ ನಕ್ಕೆವು.

ಏಪ್ರಿಲ್ 3

ನಮ್ಮ ವಾರ್ಡು ಒಂದೇ ವಾರದಲ್ಲಿ ಆರು ವಾರ್ಡುಗಳನ್ನು ಹಿಂದಕ್ಕೆ ಹಾಕಿದೆ! ಅಮ್ಮನನ್ನು ನೋಡಿ ನಮ್ಮ ಕಟ್ಟಡದ ಇನ್ನಿಬ್ಬರು, ಆಮೇಲೆ ಹಾಲಿನ ಬೂತಿನವರು, ಹೀಗೆ ಹತ್ತಾರು ಜನ ಆಪ್ ಹಾಕಿಸಿಕೊಂಡಿದ್ದಾರೆ. ಸಾಹೇಬರು ಮೊದಲ ಸಲ ನನ್ನ ಮುಖ ನೋಡಿ ನಕ್ಕರು. ‘ಕೀಪ್ ಇಟ್ ಅಪ್ ಅಮ್ಮಾ’ ಎಂದರು. ಅವರಿಗೆ ನನ್ನ ಹೆಸರು ಇನ್ನೂ ಗೊತ್ತಿಲ್ಲವೇನೋ.

ಇನ್ನು ಮುಂದೆ ನಡು ಮಧ್ಯಾಹ್ನದ ನಿಮಿಷಗಳಿಗೆ ದುಪ್ಪಟ್ಟು ಲೆಕ್ಕ. ಬಿಸಿಲು ಜೋರಾಗಿರುವ ಹೊತ್ತಿನಲ್ಲಿ ಜನಕ್ಕೆ ಎಲ್ಲಿ ನೆರಳು ಬೇಕೆನಿಸುತ್ತದೆ ಎಂದು ತಿಳಿಯಲು ಹೀಗೆ ಮಾಡಿದ್ದಾರೆ. ತರ್ಕ ಸರಿಯಾಗಿಯೇ ಇದೆ. ಅಮ್ಮನಿಗೆ ಹೇಳಿದೆ. ‘ಹಾಗಾದ್ರೆ ಬೇಗ ಊಟ ಮುಗ್ಸಿ ಆ ಹೊತ್ತಿಗೇ ಕೂರ್ತೀನಿ ಬಿಡು’ ಎಂದಳು.

ಸಂಜೆ ಮನೆಗೆ ಬರುವಾಗ ನಮ್ಮ ಮರದ ಕೆಳಕೊಂಬೆಗೆ ತಲೆ ತಗಲೀತೆಂದು ಬಗ್ಗಿ ನಡೆದೆ. ಫೋನು ಬ್ಯಾಗಿನಲ್ಲಿತ್ತು. ಮೇಲ್ಮನೆ ಆಂಟಿ ನೋಡಿ ‘ಯಾಕಮ್ಮ, ಕತ್ತು ಉಳುಕಿದೆಯಾ?’ ಎಂದರು.

ಏಪ್ರಿಲ್ 9

ಒಂದು ಕೆಟ್ಟ ಸುದ್ದಿ. ನಕ್ಷೆ ವಿಭಾಗದವನು ಟೀ ಕುಡಿಯುವಾಗ ನನ್ನನ್ನು ಪಕ್ಕಕ್ಕೆ ಕರೆದ. ಒಳ್ಳೆಯವನು, ಮಾತು ಕಡಿಮೆ. ‘ಮೇಡಂ, ನಿಮ್ಮ ಬಿಲ್ಡಿಂಗ್ ಮುಂದಿನ ಆ ಮರ ಇದೆಯಲ್ಲ, ಅಲ್ಲಿ ಗಿಡ ನೆಡೋಕಾಗಲ್ಲ. ಕೆಳಗೆ ದೊಡ್ಡ ಕರೆಂಟ್ ಕೇಬಲ್ ಹೋಗಿದೆ. ಆ ಫುಟ್‌ಪಾತ್ ಪೂರ್ತಿ ಲಿಸ್ಟಿಂದ ತೆಗೆದಿದ್ದಾರೆ’ ಎಂದ.

‘ಮತ್ತೆ ಆಪ್‌ನಲ್ಲಿ ಯಾಕೆ ಬಿಟ್ಟಿದ್ದೀರಿ?’

‘ನಿಮಿಷ ಚೆನ್ನಾಗಿ ಬರ್ತಿದೆಯಲ್ಲ, ಇರ್ಲಿ ಬಿಡಿ ಅಂದ್ರು ಸಾಹೇಬ್ರು.’

ಅಮ್ಮನಿಗೆ ಏನೆಂದು ಹೇಳಲಿ? ದಿನಾ ಅಲ್ಲಿ ಹೋಗಿ ಕೂರುತ್ತಾಳೆ, ಮಳೆಗಾಲಕ್ಕೆ ಮರ ಬರುತ್ತದೆಂದು ಕಾಯುತ್ತಿದ್ದಾಳೆ. ನಾಳೆ ಸಮಾಧಾನವಾಗಿ ಕೂರಿಸಿಕೊಂಡು ಹೇಳುತ್ತೇನೆ.

ಏಪ್ರಿಲ್ 10

ಹೇಳಲಿಲ್ಲ.

ಏಪ್ರಿಲ್ 13

ಯೋಚಿಸಿದೆ. ಹೇಳಿದರೆ ಅವಳು ಮತ್ತೆ ಮನೆಯೊಳಗೆ ಸೇರಿಕೊಳ್ಳುತ್ತಾಳೆ, ಗೋಡೆ ನೋಡುತ್ತಾ ಕೂರುತ್ತಾಳೆ. ಬೀದಿಗೆ ಬಂದ ಮೇಲೆ ಅವಳ ಮುಖದಲ್ಲಿ ಕಳೆ ಬಂದಿದೆ. ಅದನ್ನು ನಾನೇ ಕೈಯಾರೆ ಕಿತ್ತುಕೊಳ್ಳಬೇಕೆ? ನಿಮಿಷದ ವಿಷಯಕ್ಕಲ್ಲ, ಅವಳ ಸಂತೋಷಕ್ಕೆ. ಮೇ ಕಳೆಯಲಿ, ಗುತ್ತಿಗೆಯ ವಿಚಾರ ಒಂದು ದಡ ಮುಟ್ಟಲಿ. ಕಣ್ಣಿನ ಆಪರೇಷನ್ ಮಾಡಿಸಿ, ಆಮೇಲೆ ಹೇಳಿದರಾಯಿತು. ಅಷ್ಟರಲ್ಲಿ ಬೇರೆ ಜಾಗವನ್ನೇ ಕೊಡಿಸಬಹುದು. ನಕ್ಷೆಯವನನ್ನು ಕೇಳಿ ನೋಡಬೇಕು.

ವಾರ್ಡು ನಾಲ್ಕನೇ ಸ್ಥಾನದಲ್ಲಿದೆ.

ಏಪ್ರಿಲ್ 17

ಮರ ಹೂ ಬಿಟ್ಟಿದೆ! ಆಫೀಸಿನ ಪರದೆಯಲ್ಲೇ ನೋಡಿದೆ. ಇಡೀ ನಗರದಲ್ಲಿ ಹೂ ಬಿಟ್ಟದ್ದು ಇದೊಂದೇ. ಮನೆಗೆ ಓಡೋಡಿ ಬಂದೆ.

‘ಹೂವು ನೋಡಿದ್ಯೇನಮ್ಮ?’

‘ನೋಡ್ದೆ ನೋಡ್ದೆ. ಕೆಂಪಗೆ ಏನ್ ಚೆನ್ನಾಗಿದೆ.’

‘ಕೆಂಪಾ? ಹಳದಿ ಅಲ್ವಾ?’

‘ಹಳದೀನೇ. ಬಿಸಿಲಿಗೆ ಕೆಂಪು ಕಂಡಿರ್ಬೇಕು.’

ಹಳೇ ಫೋನು, ಪರದೆಯ ಬಣ್ಣ ಕೆಟ್ಟಿರಬೇಕು. ಸೆಟ್ಟಿಂಗ್ ಸರಿಮಾಡಿಕೊಟ್ಟೆ. ಬ್ಯಾಟರಿ ಬೇಗ ಮುಗಿಯುತ್ತದೆಂದು ಒಂದು ಪವರ್ ಬ್ಯಾಂಕನ್ನೂ ತಂದುಕೊಟ್ಟೆ. ಅಮ್ಮನ ಮುಖ ಕಪ್ಪಿಟ್ಟಿದೆ. ಮಧ್ಯಾಹ್ನ ಸ್ವಲ್ಪ ಬಿಸಿಲು ಅನ್ನಿಸುತ್ತದೆ ಎಂದಳು. ಕೊಡೆ ಹಿಡಿದುಕೋ ಎಂದರೆ, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು ಹಿಡಿದರೆ ತೋಳು ನಡುಗಿ ಚುಕ್ಕಿ ಅಲ್ಲಾಡುತ್ತದಂತೆ. ಆಪ್ ಪ್ರಕಾರ ಮರದ ಕೆಳಗೆ ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತಿದೆ. ಮರ ನಿಜವಾದ ಮೇಲೆ ಇರಬಹುದಾದ ತಂಪನ್ನು ಹಾಗೆ ಲೆಕ್ಕ ಹಾಕಿ ಕೊಡುತ್ತಾರೆ.

ಏಪ್ರಿಲ್ 24

ಅಮ್ಮ ಎರಡು ದಿನದಿಂದ ಕೂತಿಲ್ಲ. ತಲೆಸುತ್ತು, ವಾಂತಿ. ಹೊಟ್ಟೆಗೆ ಏನೋ ಒಗ್ಗಿಲ್ಲವೆಂದು ಕಾಣುತ್ತದೆ, ಮಾತ್ರೆ ತಂದುಕೊಟ್ಟೆ. ಮರದ ತುದಿ ಎಲೆಗಳು ಹಳದಿಯಾಗತೊಡಗಿವೆ. ಯಾರೂ ಕೂರದೆ ಹೋದರೆ ಹಾಗಾಗುತ್ತದೆ. ವಾರ್ಡು ಏಳನೇ ಸ್ಥಾನಕ್ಕಿಳಿಯಿತು. ಸಾಹೇಬರು ಫೋನು ಮಾಡಿ ‘ಏನಾಯ್ತು ನಿಮ್ಮ ಸ್ಟಾರ್ ಮರಕ್ಕೆ?’ ಎಂದರು. ಆ ಮಾತನ್ನು ಮನೆಯಲ್ಲಿ ಹೇಳಬಾರದಾಗಿತ್ತು, ಬಾಯಿ ತಪ್ಪಿ ಹೇಳಿಬಿಟ್ಟೆ. ಅಮ್ಮ ಮಲಗಿದ್ದಲ್ಲಿಂದ ಎದ್ದು ಕೂತಳು.

‘ನಾಳೆ ಹೋಗ್ತೀನಿ.’

‘ಬೇಡಮ್ಮ, ಸುಧಾರಿಸ್ಕೋ’ ಎಂದೆ. ಎಂದೆನಲ್ಲವೆ? ಎಂದೆ. ಆದರೆ ಎರಡನೆಯ ಸಲ ಹೇಳಲಿಲ್ಲ.

ಮೇ 2

ಅಮ್ಮ ಸುಧಾರಿಸಿಕೊಂಡಿದ್ದಾಳೆ, ನಿತ್ಯ ಕೂರುತ್ತಿದ್ದಾಳೆ. ಅಗಲ ಅಂಚಿನ ಬಟ್ಟೆಯ ಟೋಪಿ ತಂದುಕೊಟ್ಟಿದ್ದೇನೆ. ಹೊಲಿಗೆ ನೆಟ್ಟಗಿಲ್ಲವೆಂದು ಬೆರಳಲ್ಲೇ ತಡವಿ ನೋಡಿ ಟೋಪಿ ಮಾಡಿದವನಿಗೆ ಬೈದಳು. ಕಣ್ಣು ಕಾಣದಿದ್ದರೂ ಹೊಲಿಗೆಯ ತಪ್ಪು ಮಾತ್ರ ಅವಳಿಗೆ ಸಿಕ್ಕಿಬಿಡುತ್ತದೆ.

ಕನ್ನಡಕದ ಅಂಗಡಿಯವರಿಗೆ ಇವತ್ತು ಬರವಣಿಗೆಯಲ್ಲಿ ಉತ್ತರ ಕಳಿಸಿದೆ: ‘ಬೆಳೆದ ಮರವನ್ನು ತೆಗೆಯಲು ಅವಕಾಶವಿರುವುದಿಲ್ಲ.’ ಬರೆಯುವಾಗ ನಗು ಬರಲಿಲ್ಲ. ಜನ ತಮ್ಮ ಬೋರ್ಡಿನಿಂದಾಚೆಗೆ ಒಂದಿಷ್ಟು ಯೋಚಿಸಬೇಕು.

ವಾರ್ಡು ಎರಡನೇ ಸ್ಥಾನ. ಇನ್ನೊಂದು ತಿಂಗಳು ಹೀಗೇ ನಡೆದರೆ ಗೆದ್ದಂತೆ.

ಮೇ 8

ಆಫೀಸಿನಲ್ಲೇ ಬರೆಯುತ್ತಿದ್ದೇನೆ. ಮಧ್ಯಾಹ್ನ, ಕರೆಂಟು ಆಗಾಗ ಹೋಗಿ ಬರುತ್ತಿದೆ, ಫ್ಯಾನು ತಿರುಗಿದಷ್ಟೇ ಪುಣ್ಯ. ಎಲ್ಲರೂ ಸೆಕೆಗೆ ತೂಕಡಿಸುತ್ತಿದ್ದಾರೆ. ಹೊರಗೆ ಕಾಲಿಡುವ ಹಾಗಿಲ್ಲ.

ನನ್ನ ಪರದೆಯಲ್ಲಿ ಮಾತ್ರ ಕಣ್ಣು ತಂಪಾಗುವ ದೃಶ್ಯ. ಅಮ್ಮನ ಚುಕ್ಕಿ ಊಟದ ಹೊತ್ತಿನಿಂದ ಒಂದಿಷ್ಟೂ ಕದಲಿಲ್ಲ. ಇಷ್ಟು ದಿನ ಸೊಂಟ ಸರಿಮಾಡಿಕೊಳ್ಳುವುದು, ಆ ಕಡೆ ಈ ಕಡೆ ವಾಲುವುದು ಇರುತ್ತಿತ್ತು, ಚುಕ್ಕಿ ಕುಣಿಯುತ್ತಿತ್ತು. ಇವತ್ತು ವೃತ್ತದ ನಡುವೆ ನೆಟ್ಟ ಹಾಗಿದೆ. ಅಷ್ಟೂ ನಿಮಿಷ ದುಪ್ಪಟ್ಟು ಲೆಕ್ಕಕ್ಕೆ ಬೀಳುತ್ತಿದೆ. ಕಣ್ಣೆದುರೇ ವಾರ್ಡು ಮೊದಲ ಸ್ಥಾನಕ್ಕೆ ಏರಿತು. ನಕ್ಷೆಯವನನ್ನೂ ಕರೆದು ತೋರಿಸಿದೆ. ‘ನಿಮ್ಮ ತಾಯಿ ಜಾಣೆ’ ಎಂದ.

ಜಾಣೆಯೇ. ಇವತ್ತು ಮನೆಗೆ ಹೋಗುವಾಗ ಅವಳಿಗಿಷ್ಟವಾದ ಕಿತ್ತಳೆ ಐಸ್ ಕ್ಯಾಂಡಿ ಒಯ್ಯಬೇಕು. ಕರಗದಂತೆ ಒಯ್ಯುವುದು ಹೇಗೋ.

ಮೇ 16

ಪುಟಗಳ ಬುಡದಲ್ಲಿದ್ದ ಪ್ರಶ್ನೆಯನ್ನು ಅಮ್ಮನ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ ತೆಗೆದೆ.

ಮೇ 17

ಅಮ್ಮ ಹೋದದ್ದು ಬಿಸಿಲಿನ ಹೊಡೆತಕ್ಕೆ ಎಂದರು ಡಾಕ್ಟರು. ದಾರಿಯಲ್ಲಿ ಹೋಗುವವರು ಟೋಪಿ ಮುಖದ ಮೇಲೆ ಜಾರಿದ್ದು ನೋಡಿ, ಅಜ್ಜಿಗೆ ನಿದ್ದೆ ಹತ್ತಿದೆ ಎಂದುಕೊಂಡರಂತೆ. ಬೆನ್ನು ಕಂಬಕ್ಕೆ ಒರಗಿತ್ತು, ಅದಕ್ಕೇ ಬೀಳಲಿಲ್ಲ. ಫೋನು ಮಡಿಲಲ್ಲಿ ಎರಡು ಕೈಗಳ ನಡುವೆ ಇತ್ತು, ಆನ್ ಆಗಿಯೇ ಇತ್ತು. ನಾನು ತಂದುಕೊಟ್ಟ ಪವರ್ ಬ್ಯಾಂಕು.

ನಾನು ನೋಡುತ್ತಿದ್ದೆ. ಇಡೀ ಮಧ್ಯಾಹ್ನ ನಾನು ಅವಳನ್ನೇ ನೋಡುತ್ತಿದ್ದೆ. ಖುಷಿಪಡುತ್ತಿದ್ದೆ.

ಮೇ 20

ಆಫೀಸಿಗೆ ಹೋದೆ. ಮನೆಯಲ್ಲಿ ಇರಲಾಗಲಿಲ್ಲ.

ಎಲ್ಲರೂ ಮೆತ್ತಗೆ ಮಾತಾಡಿಸಿದರು. ಸಾಹೇಬರು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಬಹಳ ವಿಷಾದವಾಯಿತು ಎಂದರು. ಆಮೇಲೆ ಪ್ಲಾಸ್ಟಿಕ್ ಗಿಡದ ಎಲೆ ಸವರುತ್ತಾ ಮಾತು ತೆಗೆದರು. ನಗರದ ಅತಿ ಎತ್ತರದ ಮರ ನಮ್ಮದೇ ಅಂತೆ. ತಿಂಗಳ ಕೊನೆಯ ಪ್ರದರ್ಶನಕ್ಕೆ ಅದರದೇ ದೊಡ್ಡ ಚಿತ್ರ ಹಾಕುತ್ತಾರಂತೆ. ‘ನಿಮ್ಮ ತಾಯಿಯವರ ಬಗ್ಗೆ ನಾಲ್ಕು ಸಾಲು ನೀವೇ ಬರೆದುಕೊಟ್ರೆ ಚೆನ್ನಾಗಿರುತ್ತೆ. ಆ ಘಟನೆ ಬೇಡ. ಮರದ ಮೇಲಿನ ಪ್ರೀತಿ, ಅಷ್ಟು ಸಾಕು’ ಎಂದರು.

ಬರೆದುಕೊಟ್ಟೆ. ‘ಪ್ರತಿದಿನ ಈ ಮರದ ತಂಪಿನಲ್ಲಿ ಕೂರುತ್ತಿದ್ದರು’ ಎಂದು ನನ್ನ ಕೈಯಿಂದಲೇ ಬರೆದುಕೊಟ್ಟೆ. ಒಂದು ಪದವನ್ನೂ ಹೊಡೆದು ಹಾಕದೆ ತೆಗೆದುಕೊಂಡರು. ಗುತ್ತಿಗೆಯ ಬಗ್ಗೆ ಯೋಚನೆ ಬೇಡ, ಮೇ ಕೊನೆಯವರೆಗೆ ಸ್ಥಾನ ಇಳಿಯದಂತೆ ನೋಡಿಕೊಳ್ಳಿ ಎಂದರು.

ಮೇ 27

ಎರಡು ದಿನ ಜ್ವರವೆಂದು ರಜೆ ಹಾಕಿದ್ದೆ. ಇವತ್ತು ಮಧ್ಯಾಹ್ನ ಮುಖ ತೊಳೆದು ಕಿಟಕಿಯ ಬಳಿ ಬಂದೆ. ಭಾನುವಾರಗಳಲ್ಲೂ ಆ ಹೊತ್ತಿಗೆ ನಾನು ಮಲಗಿರುತ್ತಿದ್ದೆ, ಸ್ಟೂಲು ಮುಂದಿಟ್ಟ ಮೇಲೆ ನಡು ಮಧ್ಯಾಹ್ನ ಬೀದಿಯನ್ನು ನೋಡಿದ್ದು ಇದೇ ಮೊದಲು. ನೆತ್ತಿಯ ಮೇಲೆ ಬಿಸಿಲು. ನಾನು ಹಾಕಿದ ಸುಣ್ಣದ ಗುರುತು ಕಣ್ಣಿಗೆ ಹೊಡೆಯುವಷ್ಟು ಬೆಳ್ಳಗಿತ್ತು. ಅದರ ಮೇಲೆ ಅಮ್ಮನ ಸ್ಟೂಲು. ಸ್ಟೂಲಿನ ಮೇಲೆ ಯಾರೋ ಕೂತಿದ್ದರು.

ಚಪ್ಪಲಿ ಹಾಕಿಕೊಳ್ಳದೆ ಇಳಿದು ಓಡಿದೆ. ಮೇಲ್ಮನೆ ಆಂಟಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಎರಡು ತೋಳುಗಳೂ ನಡುಗುತ್ತಿದ್ದವು.

‘ಏಳಿ ಆಂಟಿ. ಯಾಕೆ ಕೂತಿದ್ದೀರಿ ಇಲ್ಲಿ? ಏಳಿ ಮೊದ್ಲು!’

‘ತಿಂಗಳು ಮುಗಿಯೋಕೆ ಇನ್ನೇನು ನಾಲ್ಕು ದಿನ ಅಲ್ವೇನಮ್ಮ. ನಾವ್ ನಾವೇ ಮಾತಾಡ್ಕೊಂಡಿದ್ದೀವಿ. ಬೆಳಗ್ಗೆ ಎರಡನೇ ಮಹಡಿಯವರು ಕೂತ್ರು, ಈಗ ನಾನು. ನೀನು ಮಲಗ್ಹೋಗು, ಜ್ವರ ಅಂತೆ.’

ನನಗೆ ತಡೆಯಲಾಗಲಿಲ್ಲ. ನಡುಬೀದಿಯಲ್ಲಿ ನಿಂತು ಹೇಳಿಬಿಟ್ಟೆ. ‘ಇಲ್ಲಿ ಮರ ಬರಲ್ಲ ಆಂಟಿ. ಕೆಳಗೆ ಕರೆಂಟ್ ಕೇಬಲ್ ಇದೆ. ನಂಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅಮ್ಮಂಗೆ ಹೇಳ್ಲಿಲ್ಲ. ಮರದಾಸೆ ತೋರಿಸಿ ಕೂರಿಸ್ದೆ.’

ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಆಂಟಿ ಕೊಡೆಯನ್ನು ನನ್ನ ತಲೆಯ ಕಡೆಗೆ ವಾಲಿಸಿದರು.

‘ಮರ ಯಾರಿಗೆ ಬೇಕಿತ್ತಮ್ಮ?’ ಎಂದರು. ‘ನಿಮ್ಮಮ್ಮಂಗೆ ಆ ಫೋನಲ್ಲಿ ಏನ್ ಕಾಣ್ತಿತ್ತು ಹೇಳು. ಮರ ಎಷ್ಟೆತ್ತರ ಆಗಿದೆ, ಎಲೆ ಹೇಗಿದೆ ಅಂತ ನನ್ನೇ ಕೇಳ್ಕೋತಿದ್ರು. ಮಗಳು ಬಂದು ಕೇಳ್ತಾಳೆ, ಏನಾದ್ರೂ ಹೇಳ್ಬೇಕಲ್ಲ ಅಂತ. ಹೂವಿನ ಬಣ್ಣ ಕೇಳೋದು ಮರೆತು ಕೆಂಪು ಅಂದ್ಬಿಟ್ಟೆ ಅಂತ ಒಂದಿನ ನಗ್ತಿದ್ರು.’

‘ಮತ್ತೆ ಯಾಕೆ ಕೂತಿದ್ಲು?’

‘ನಿನ್ ಕೆಲಸಕ್ಕೆ. ನಿಮಿಷ ಕಡಿಮೆ ಬಿದ್ರೆ ನನ್ ಮಗಳ ಕೆಲಸ ಹೋಗುತ್ತೆ, ಮೇ ಮುಗಿಯೋವರೆಗೆ ಹೇಗೋ ಕೂತ್ಬಿಡ್ತೀನಿ ಅಂತಿದ್ರು. ಬಿಸಿಲಿದೆ, ಆ ಮಾಡಿನ ಕೆಳಗಾದ್ರೂ ಬನ್ನಿ ಅಂತ ಎಷ್ಟು ಸಲ ಕರೆದಿದ್ದೀನಿ. ಇದು ನನ್ ಮಗಳು ಇಟ್ಟ ಜಾಗ, ಅಲ್ಲಾಡಿದ್ರೆ ಚುಕ್ಕಿ ಅಲ್ಲಾಡುತ್ತೆ ಅಂದ್ರು.’

ಆಂಟಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಅಮ್ಮನಿಗೆ ಸುಳ್ಳು ಹೇಳಿ ಅವಳನ್ನು ಸಂತೋಷವಾಗಿಟ್ಟಿದ್ದೇನೆಂದು ಈ ಪುಟಗಳಲ್ಲೇ ಬರೆದುಕೊಂಡಿದ್ದೆ. ಇಲ್ಲದ ಮರವನ್ನು ನಾನು ಅವಳಿಗೆ ತೋರಿಸಿದೆ, ಕಾಣದ ಮರವನ್ನು ಅವಳು ಹೊಗಳಿದಳು. ಇಬ್ಬರೂ ಸಂಜೆ ಸಂಜೆ ಎದುರುಬದುರು ಕೂತು ಊಟ ಮಾಡಿದೆವು. ಸೊಂಟ ನೋಯುತ್ತಿದೆಯಾ ಎಂದಷ್ಟೇ ಒಮ್ಮೆ ಸರಿಯಾಗಿ ಕೇಳಿದ್ದರೂ ಎಲ್ಲ ಹೊರಗೆ ಬರುತ್ತಿತ್ತು. ನಾನು ಕೇಳಿದ್ದು ನಿಮಿಷವನ್ನು.

ಬೀದಿಯಲ್ಲಿ ಅತ್ತೆ, ಜೋರಾಗಿ. ಔಷಧಿ ಅಂಗಡಿಯವನು ಹೊರಗೆ ಬಂದು ನೋಡಿದ. ಕಾಲಡಿ ಸುಡುತ್ತಿತ್ತು.

ಆಂಟಿಯನ್ನು ಎಬ್ಬಿಸಿ ಮನೆಗೆ ಕಳಿಸಿದೆ. ಎರಡನೇ ಮಹಡಿಯವರಿಗೂ ಹೇಳಿ, ಇನ್ನು ಯಾರೂ ಇಲ್ಲಿ ಕೂರಬಾರದು ಎಂದೆ. ಸ್ಟೂಲಿನ ಕಬ್ಬಿಣದ ಕಾಲು ಹಿಡಿದರೆ ಅಂಗೈ ಚುರ್ರೆಂದಿತು. ಅದನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ನಡೆದು, ಇಸ್ತ್ರಿ ಅಂಗಡಿಯ ತಗಡಿನ ಮಾಡಿನ ಕೆಳಗೆ, ಅಮ್ಮ ಮೊದಲ ದಿನ ಇಟ್ಟುಕೊಂಡಿದ್ದ ಕಡೆ ಇಟ್ಟೆ. ಅಲ್ಲೇ ಕೂತೆ. ಆಂಟಿ ಬಿಟ್ಟುಹೋದ ಫೋನು ಮಡಿಲಲ್ಲಿ ಇತ್ತು. ‘ನೀವು ಮರದ ನೆರಳಿನಿಂದ ಹೊರಗಿದ್ದೀರಿ, ಹತ್ತಿರ ಬನ್ನಿ’ ಎಂದು ಅದು ಮತ್ತೆ ಮತ್ತೆ ಕರೆಯುತ್ತಿತ್ತು. ಬಿಸಿಲು ಎದುರು ಕಟ್ಟಡದ ಹಿಂದೆ ಇಳಿಯುವವರೆಗೂ ಏಳಲಿಲ್ಲ.

ಮಾಡಿನ ಕೆಳಗೆ ತಂಪಾಗಿತ್ತು.